ಹೆಜ್ಜೆ ಕಲಿಯುವ ಹೊತ್ತಿಗೇ ಟ್ಯೂಷನ್

ಪ್ರಶ್ನೆ: ನಾನು ಬ್ರಹ್ಮಾವರದ ಸಮೀಪದವಳು, ಏಳನೇ ತರಗತಿಯಲ್ಲಿದ್ದೇನೆ. ಎರಡು ವರ್ಷಗಳಿಂದ ಶನಿವಾರ ಸಂಜೆ ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದೇನೆ. ಗಣಿತದಲ್ಲಿ ಅಂಕ ಕಡಿಮೆಯಾದ್ದರಿಂದ ಅದೇ ಹೊತ್ತಿಗೆ ಟ್ಯೂಷನ್‌ಗೆ ಸೇರಿಸುತ್ತೇನೆಂದು ಅಪ್ಪ ಹೇಳುತ್ತಾರೆ. ಮಾತುಮಾತಿಗೆ ಅಣ್ಣನ ಅಂಕಗಳನ್ನು ನೆನಪಿಸುತ್ತಾರೆ. ನಾನು ಥ್ರೋಬಾಲ್‌ಗೆ ಬರುವುದಿಲ್ಲವೆಂದು ಆಪ್ತ ಗೆಳತಿ ಮಾತು ಬಿಟ್ಟಿದ್ದಾಳೆ. ಅಜ್ಜನೊಂದಿಗೆ ಬಯಲಾಟ ನೋಡಿದ ಮರುದಿನ ಶಾಲೆಯಲ್ಲಿ ತೂಕಡಿಕೆ ಬರುತ್ತದೆ. ನಾನು ಯಾವುದನ್ನು ಬಿಡಲಿ?

ಉತ್ತರ: ಮಗೂ, ಯಾವುದನ್ನೂ ಬಿಡುವ ಮೊದಲು ನಿನ್ನ ವಾರದ ಏಳು ದಿನಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡು. ಟ್ಯೂಷನ್ನಿಗೂ ಹೆಜ್ಜೆಗೂ ಅಡ್ಡ ಬರುತ್ತಿರುವುದು ಶನಿವಾರದ ಒಂದು ಸಂಜೆ ಮಾತ್ರ. ಆದ್ದರಿಂದ ಟ್ಯೂಷನ್ ಬೇಡವೆಂದು ಹಟ ಹಿಡಿಯದೆ, ಅದನ್ನು ಬೇರೆ ದಿನಕ್ಕೆ ಹಾಕಿಸಿಕೊಡಿ ಎಂದು ಅಪ್ಪನನ್ನು ಕೇಳು. ಕೇಳುವಾಗ ಉತ್ತರಪತ್ರಿಕೆ ಕೈಯಲ್ಲಿರಲಿ. ಅಂಕ ಹೋದದ್ದು ಭಿನ್ನರಾಶಿಯಲ್ಲೋ ಪೂರ್ಣಾಂಕಗಳಲ್ಲೋ ಎಂದು ನೀನೇ ತೋರಿಸಿದರೆ, ಅವರ ಆತಂಕವನ್ನು ನೀನು ಲಘುವಾಗಿ ತೆಗೆದುಕೊಂಡಿಲ್ಲವೆಂಬುದು ಅವರಿಗೆ ತಿಳಿಯುತ್ತದೆ. ಏಳಕ್ಷರದ ತ್ರಿವುಡೆ ತಾಳಕ್ಕೂ ಹತ್ತಕ್ಷರದ ಝಂಪೆ ತಾಳಕ್ಕೂ ಹೆಜ್ಜೆ ಹಾಕಲು ಕಲಿಯುತ್ತಿರುವವಳಿಗೆ ಲೆಕ್ಕ ಬಾರದೆಂದು ನಾನು ನಂಬುವುದಿಲ್ಲ. ಆದರೆ ತಾಳ ಬಂದರೆ ಅಂಕ ತಾನಾಗಿ ಬರುತ್ತದೆಂದು ಅಪ್ಪನ ಮುಂದೆ ವಾದಿಸಬೇಡ. ಅಂಕಕ್ಕೆ ಲೆಕ್ಕ ಬಿಡಿಸುವ ಅಭ್ಯಾಸವೇ ಬೇಕು.

ಇದನ್ನು ಓದುವ ಹೆತ್ತವರಲ್ಲಿ ಒಂದು ವಿನಂತಿ. ಅಣ್ಣನ ಅಂಕಪಟ್ಟಿಯನ್ನು ತಂಗಿಯ ಮುಂದೆ ಹಿಡಿದರೆ ಅವಳಿಗೆ ಗಣಿತ ಅರ್ಥವಾಗುವುದಿಲ್ಲ, ಅಣ್ಣನ ಮೇಲೆ ಅಸಮಾಧಾನ ಮಾತ್ರ ಬೆಳೆಯುತ್ತದೆ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ನಿನ್ನ ಪಕ್ಷ ವಹಿಸಲಾರೆ. ಹನ್ನೆರಡರ ಆಸುಪಾಸಿನ ಮಕ್ಕಳಿಗೆ ರಾತ್ರಿ ಕನಿಷ್ಠ 9 ಗಂಟೆಗಳ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಮರುದಿನ ಶಾಲೆಯಿದ್ದರೆ ಆಟದ ಆರಂಭದ ಭಾಗವಾದ ಪೂರ್ವರಂಗವನ್ನು ನೋಡಿ ಅಜ್ಜನೊಂದಿಗೆ ಮನೆಗೆ ಬಂದುಬಿಡು. ಯಕ್ಷಗಾನ ಮೇಳಗಳ ತಿರುಗಾಟ ಸಾಮಾನ್ಯವಾಗಿ ಪತ್ತನಾಜೆಯ ತನಕ, ಅಂದರೆ ಮೇ 24ರ ಸುಮಾರಿನವರೆಗೆ ಇರುವುದರಿಂದ, ಇಡೀ ರಾತ್ರಿಯ ಆಟಗಳನ್ನು ಬೇಸಗೆ ರಜೆಯಲ್ಲಿ ನೋಡಬಹುದು.

ಗೆಳತಿಗೆ ನೀನು ಬಾರದಿರುವ ಕಾರಣ ಗೊತ್ತಿದೆಯೇ? ನಿನ್ನ ಪತ್ರದಲ್ಲಿ ಅದನ್ನು ಹೇಳಿದ ಸೂಚನೆಯಿಲ್ಲ. ಶನಿವಾರ ಬರಲಾಗದು, ಇಂಥ ದಿನ ತಪ್ಪದೆ ಬರುತ್ತೇನೆ ಎಂದು ಅವಳಿಗೆ ಹೇಳು ಮತ್ತು ಆ ದಿನ ಹೋಗು. ಒಮ್ಮೆ ನಿನ್ನ ತರಗತಿಗೆ ಅವಳನ್ನೂ ಕರೆ. ನೀನು ಗೆಜ್ಜೆ ಕಟ್ಟಿ ಕುಣಿಯುವುದನ್ನು ಅವಳು ಇನ್ನೂ ನೋಡಿಲ್ಲದಿರಬಹುದು.