ಕಾಫಿ ಗಿಡದ ಪೆನ್ನು 150, ಪೆಟ್ಟಿಗೆ 150: ತಾರೀಕು ಕೊಡುವ ಮೊದಲು ಮರವನ್ನು ಕೇಳಿ

ಪ್ರಶ್ನೆ: ಅಣ್ಣ, ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ. ನಾನು, ನನ್ನ ತಮ್ಮ ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ಸಣ್ಣ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಮರದ ಪೆನ್ನು, ಪೆಟ್ಟಿಗೆ ಮಾಡುತ್ತೇವೆ. ಇಲ್ಲಿಯವರೆಗೆ ಒಂದು ಸಲಕ್ಕೆ ಹತ್ತೋ ಹದಿನೈದೋ ಮಾಡಿ ಹೋಂಸ್ಟೇಗೆ ಬರುವವರಿಗೆ ಮಾರಿದ್ದು ಅಷ್ಟೇ. ಈಗ ಒಂದು ಎಸ್ಟೇಟಿನವರು ತಮ್ಮ ತೋಟದಲ್ಲಿ ಕಿತ್ತ ಹಳೇ ಕಾಫಿ ಗಿಡಗಳ ಕಾಂಡ ಕೊಟ್ಟು, ಅದರಲ್ಲೇ 150 ಪೆನ್ನು, ಒಂದೊಂದಕ್ಕೂ ಒಂದು ಪೆಟ್ಟಿಗೆ ಬೇಕು ಎಂದಿದ್ದಾರೆ. ಪೆಟ್ಟಿಗೆ ಮೇಲೆ ಅತಿಥಿಗಳ ಹೆಸರು ಬೇರೆ ಕೆತ್ತಿಸಬೇಕು. ಡಿಸೆಂಬರ್ 20ಕ್ಕೆ ಬೆಂಗಳೂರು ತಲುಪಬೇಕಂತೆ. ಕಾಂಡ ಮಾರ್ಚ್‌ನಲ್ಲಿ ಕಿತ್ತದ್ದು, ಸಿಪ್ಪೆ ಸಮೇತ ಟಾರ್ಪಾಲಿನ ಕೆಳಗೆ ಬಿದ್ದಿದೆ. ಖುಷಿಯಲ್ಲಿ ಒಪ್ಪಿಕೊಂಡೆವು, ಈಗ ನಿದ್ದೆ ಬರ್ತಿಲ್ಲ. ಮುಂದಿನ ವಾರವೇ ಲೇತ್ ಶುರು ಮಾಡೋಣ ಅಂತ ತಮ್ಮ ಕುಣಿಯುತ್ತಿದ್ದಾನೆ. ಮುಂಗಡ ಎಷ್ಟು ಕೇಳಬೇಕು ಅಂತಲೂ ಗೊತ್ತಾಗುತ್ತಿಲ್ಲ.

ಉತ್ತರ: ತಮ್ಮನನ್ನು ಹಿಡಿದು ಕೂರಿಸಿ. ನಿಮ್ಮ ಪತ್ರ ಬಂದಿದ್ದು ಆಗಸ್ಟ್ ಮೊದಲ ವಾರ, ಅಂದರೆ ನಡು ಕಕ್ಕಡ, ನಮ್ಮ ಕೊಡಗಿನ ಜಡಿಮಳೆಯ ತಿಂಗಳು. ಮದ್ದುಸೊಪ್ಪಿನ ಪಾಯಸ ತಿಂದ ನಾಲಿಗೆ ಇನ್ನೂ ನೇರಳೆಯಾಗಿರುವ ಹೊತ್ತು. ಈಗ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಮರ ಎಲ್ಲಿ ಒಣಗೀತು? ಶೆಡ್ಡಿನಲ್ಲಿ ಸುಮ್ನೆ ಇಟ್ಟ ಮರ ಈ ದಿನಗಳಲ್ಲಿ ಶೇಕಡಾ 18ರಿಂದ 20ರಷ್ಟು ನೀರು ಇಟ್ಟುಕೊಂಡೇ ಕೂತಿರುತ್ತದೆ. ಅದೇ ಪೆನ್ನು ಬೆಂಗಳೂರಿನ ಏಸಿ ಆಫೀಸಿನ ಮೇಜಿನ ಮೇಲೆ ಒಂದು ತಿಂಗಳು ಇದ್ದರೆ 9-10ಕ್ಕೆ ಇಳಿಯುತ್ತದೆ. ಇಳಿಯುವಾಗ ಮರ ಕುಗ್ಗುತ್ತದೆ. ಪೆನ್ನಿನ ಒಳಗೆ ಹಿತ್ತಾಳೆ ಕೊಳವೆ ಇದೆಯಲ್ಲ, ಅದು ಕುಗ್ಗುವುದಿಲ್ಲ. ಹಾಗಾಗಿ ಮರ ಉದ್ದಕ್ಕೆ ಸೀಳುತ್ತದೆ, ಮೊದಲು ಕೂದಲೆಳೆಯಷ್ಟು, ಆಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು.

ಇದು ನಾನು ಎಲ್ಲೋ ಓದಿ ಹೇಳುತ್ತಿರುವುದಲ್ಲ. ಒಮ್ಮೆ ನಾನೇ ಆಟಿ ಮಳೆಯಲ್ಲಿ 40 ಪೆಟ್ಟಿಗೆ ಮಾಡಿದ್ದೆ, ಜಾರುವ ಮುಚ್ಚಳದವು. ಕಳಿಸುವಾಗ ಮುಚ್ಚಳ ಎಷ್ಟು ನುಣುಪಾಗಿ ಜಾರುತ್ತಿತ್ತು ಅಂದರೆ ನಾನೇ ಹತ್ತು ಸಲ ತೆಗೆದು ಹಾಕಿ ನೋಡಿದೆ, ಮಕ್ಕಳ ಹಾಗೆ. ಎರಡು ತಿಂಗಳಿಗೆ ಫೋನ್ ಬಂತು, ಪೆಟ್ಟಿಗೆ ಓರೆ ಮಾಡಿದರೆ ಮುಚ್ಚಳ ತಾನಾಗಿ ಬಿದ್ದು ಹೋಗುತ್ತಿದೆ ಅಂತ. 50 ಮಿಲಿಮೀಟರ್ ಅಗಲದ ಮುಚ್ಚಳ ಅರ್ಧ ಮಿಲಿಮೀಟರಿಗೂ ಜಾಸ್ತಿ ಕುಗ್ಗಿತ್ತು. ನಲವತ್ತೂ ಮುಚ್ಚಳ ಹೊಸದಾಗಿ ಮಾಡಿಕೊಟ್ಟೆ, ನನ್ನ ಖರ್ಚಲ್ಲಿ.

ಆದ್ದರಿಂದ ಇವತ್ತು ಮಾಡಬೇಕಾದ ಕೆಲಸ ಒಂದೇ. ಆ ಟಾರ್ಪಾಲು ತೆಗೆಯಿರಿ. ಸಿಪ್ಪೆ ಇರುವ ಗುಂಡು ಕಾಂಡ ಎರಡು ವರ್ಷ ಬಿಟ್ಟರೂ ಒಳಗೆ ಹಸಿಯಾಗಿಯೇ ಇರುತ್ತದೆ, ಮೇಲಿಂದ ಬೂಷ್ಟು ಬೇರೆ. ಸಾಮಿಲ್ಲಿಗೋ ನಿಮ್ಮ ಗರಗಸಕ್ಕೋ ಕೊಟ್ಟು 22 ಮಿಲಿಮೀಟರ್ ಚೌಕದ ಕಡ್ಡಿಗಳಾಗಿ ಸೀಳಿ. ನಡುವಿನ ತಿರುಳು ಯಾವ ಕಡ್ಡಿಯಲ್ಲೂ ಬರಬಾರದು, ಬಿರುಕು ಶುರುವಾಗುವುದೇ ಅಲ್ಲಿಂದ. ಸಪೂರ ಕಾಂಡದಿಂದ ತಿರುಳು ಬಿಟ್ಟರೆ ಒಂದೋ ಎರಡೋ ಕಡ್ಡಿ ಸಿಗುತ್ತದೆ, ಉಳಿದದ್ದು ಒಲೆಗೆ. ಹೊಟ್ಟೆ ಉರಿಸಿಕೊಳ್ಳಬೇಡಿ. 150 ಪೆನ್ನಿಗೆ 190 ಪೆನ್ನಿನಷ್ಟು ಕಡ್ಡಿ ಸೀಳಿಟ್ಟುಕೊಳ್ಳಿ. ಕೊಯ್ದ ಕೂಡಲೇ ಎರಡೂ ತುದಿಗೆ ಕರಗಿಸಿದ ಮೇಣವನ್ನೋ ದಪ್ಪಗೆ ಫೆವಿಕಾಲನ್ನೋ ಬಳಿಯಿರಿ. ಮರದ ನೀರು ತುದಿಯಿಂದಲೇ ಬೇಗ ಓಡಿ ಹೋಗುತ್ತದೆ, ಹಾಗೆ ಬಿಟ್ಟರೆ ತುದಿ ಒಡೆದು ಕೈಗೆ ಬರುತ್ತದೆ. ಕಾಫಿ ಮರವಂತೂ ಈ ವಿಷಯದಲ್ಲಿ ಮಹಾ ಮುಂಗೋಪಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಿತ್ತದ್ದು ಅರೇಬಿಕಾ ಗಿಡವಾದರೆ ಬಿಳಿ ಕಾಂಡಕೊರಕ ಹತ್ತಿದ್ದೇ ಇರಬಹುದು. ಹುಳು ಕೊರೆದ ಕಾಂಡವನ್ನು ತೋಟದಲ್ಲಿ ಸುಮ್ನೆ ಇಟ್ಟುಕೊಳ್ಳಬಾರದು, ಕಿತ್ತು ಸುಡಬೇಕು ಎನ್ನುವುದು ನಿಮಗೆ ಗೊತ್ತಿರುವುದೇ. ಯಾಕೆಂದರೆ ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿ ಹೊರಗೆ ಬಂದು ಪಕ್ಕದ ಗಿಡಕ್ಕೆ ಮೊಟ್ಟೆ ಇಡುತ್ತದೆ. ನಿಮ್ಮ ಶೆಡ್ಡಿನಿಂದ ಅಕ್ಟೋಬರ್‌ನಲ್ಲಿ ದುಂಬಿ ಹಾರಿ ನಿಮ್ಮದೇ ತೋಟಕ್ಕೆ ಹೋಗುವುದು ಬೇಡ, ಅಲ್ವಾ? ಕಡ್ಡಿ ಸೀಳುವಾಗಲೇ ತೂತು ಕಂಡದ್ದನ್ನು ಬೇರೆ ಹಾಕಿ. ಹಳೇ ಒಣ ತೂತು ಒಂದೆರಡು ಇದ್ದರೆ ತೊಂದರೆಯಿಲ್ಲ. ಕಾಫಿ ಪುಡಿ ತುಂಬಿ ಮೇಲೆ ಎರಡು ಹನಿ ಫೆವಿಕ್ವಿಕ್ ಬಿಟ್ಟು ಕಡೆದರೆ ಕಪ್ಪು ಗೆರೆಯಾಗಿ ಚೆಂದ ಕಾಣುತ್ತದೆ. ಗಿರಾಕಿಗೆ ಹೇಳಿ ಮಾಡಿ, ಅವರಿಗೆ ಅದೇ ಜಾಸ್ತಿ ಇಷ್ಟವಾದರೂ ಆಗಬಹುದು.

ಒಣಗಿಸುವುದಕ್ಕೆ ಹಳೇ ಕಬ್ಬಿಣದ ಬೀರು ಸಾಕು. ಕೆಳಗೆ 60 ವ್ಯಾಟಿನ ಹಳೇ ಗುಂಡು ಬಲ್ಬು (ಎಲ್‌ಇಡಿ ಅಲ್ಲ, ಅದಕ್ಕೆ ಕಾವೇ ಇಲ್ಲ), ಮೇಲೆ ಹಬೆ ಹೋಗಲು ನಾಲ್ಕು ತೂತು, ಕಡ್ಡಿಗಳ ನಡುವೆ ಗಾಳಿ ಆಡುವ ಹಾಗೆ ಅಡ್ಡಕ್ಕೆ ಸಣ್ಣ ರೀಪು. ಬಲ್ಬಿಗೂ ಮರಕ್ಕೂ ಒಂದಡಿ ದೂರ ಇರಲಿ, ಹುಡಿ ಬೀಳದಂತೆ ನೋಡಿಕೊಳ್ಳಿ, ಬೆಂಕಿ ವಿಷಯ. ಮೊದಲ ವಾರ ಬೀರುವಿನ ಬಾಗಿಲು ಅರ್ಧ ತೆರೆದೇ ಇಡಿ, ಒಮ್ಮೆಲೇ ಕಾವು ಕೊಟ್ಟರೆ ಸೀಳುತ್ತದೆ. ಹತ್ತು ಕಡ್ಡಿಗೆ ನಂಬರ್ ಬರೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನಾಲ್ಕು ದಿನಕ್ಕೊಮ್ಮೆ ತೂಗಿ ಗೋಡೆ ಮೇಲೆ ಬರೆಯಿರಿ. ಮೂರು ಸಲ ತೂಕ ಅಲ್ಲಾಡದೆ ನಿಂತರೆ ಆ ಬೀರುವಿನಲ್ಲಿ ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಎಂದು ಅರ್ಥ. ಅನುಮಾನವಿದ್ದರೆ ಒಂದು ತುಂಡನ್ನು ಬಲಿ ಕೊಡಿ. ಈಗ ತೂಗಿ, ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಇಟ್ಟು ಮತ್ತೆ ತೂಗಿ. 55 ಗ್ರಾಮಿದ್ದದ್ದು 50ಕ್ಕೆ ನಿಂತರೆ ಒಣ ತೂಕದ ಲೆಕ್ಕದಲ್ಲಿ ನೀರು 10 ಶೇಕಡಾ, ಕೆಲಸ ಶುರು ಮಾಡಬಹುದು. 60 ಇದ್ದದ್ದು 50ಕ್ಕೆ ಬಂದರೆ 20 ಶೇಕಡಾ, ಇನ್ನೂ ಕಾಯಿರಿ. ಒಣಗಿದ ಮೇಲೆ ಕಡ್ಡಿಯನ್ನು ಹೊರಗೆ ಬಿಡಬೇಡಿ, ಮಳೆ ನಿಲ್ಲುವವರೆಗೂ ಬೀರುವಿನಿಂದ ಲೇತಿಗೆ, ಲೇತಿನಿಂದ ಬೀರುವಿಗೆ.

ಇದಕ್ಕೆ ಆಗಸ್ಟ್, ಸೆಪ್ಟೆಂಬರ್ ಎರಡೂ ಹೋಗುತ್ತವೆ. ಹೋಗಲಿ ಬಿಡಿ, ಬೇರೆ ಕೆಲಸವೂ ಇದೆಯಲ್ಲ. ಈಗ ಲೆಕ್ಕಕ್ಕೆ ಬನ್ನಿ. ಒಂದು ಪೆನ್ನಿಗೆ ಕೊರೆಯುವುದರಿಂದ ಜೋಡಿಸುವವರೆಗೆ 45 ನಿಮಿಷ ಹಿಡಿಯಿರಿ, 150ಕ್ಕೆ 112 ಗಂಟೆ ಚಿಲ್ಲರೆ. ಪೆಟ್ಟಿಗೆಗೆ ತಲಾ ಒಂದೂವರೆ ಗಂಟೆ, 225 ಗಂಟೆ. ಒಟ್ಟು ಸುಮಾರು 338. ಕರೆಂಟು ಹೋಗುವುದು, ಊಟ, ಯಾರೋ ಬಂದರು ಅಂತ ಚಾ, ಎಲ್ಲ ಕಳೆದರೆ ದಿನಕ್ಕೆ ಆರು ಗಂಟೆ ನಿಜವಾದ ಕೆಲಸ ಆದರೆ ದೊಡ್ಡದು. ಒಬ್ಬರಿಗೆ 56 ದಿನ, ಇಬ್ಬರಿಗೆ 28. ಆದರೆ ನವೆಂಬರ್ ಬಂತು ಅಂದರೆ ಅರೇಬಿಕಾ ಹಣ್ಣು ಕೊಯ್ಲು, ತಮ್ಮ ತೋಟಕ್ಕೆ ಓಡುತ್ತಾನೆ. ಅದರ ಹಿಂದೆಯೇ ಪುತ್ತರಿ ಹಬ್ಬ, ನಾಲ್ಕು ದಿನ ಯಾರೂ ಉಳಿ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹಾಗಾಗಿ ಅಕ್ಟೋಬರ್ ಒಂದೇ ನಿಮ್ಮ ತಿಂಗಳು. ಇಬ್ಬರೂ ಕೂತು ಆ ತಿಂಗಳಲ್ಲಿ ಮುಕ್ಕಾಲು ಪಾಲು ಮುಗಿಸಿ, ನವೆಂಬರ್ ಬಾಕಿಗೆ, ಡಿಸೆಂಬರ್ ಮೊದಲ ಹತ್ತು ದಿನ ಬರೀ ತಪಾಸಣೆ, ಪ್ಯಾಕಿಂಗ್‌ಗೆ ಇರಲಿ.

ಒಂದು ಪೆನ್ನು ಪೂರ್ತಿ ಮಾಡಿ ಇನ್ನೊಂದಕ್ಕೆ ಹೋಗುವ ಹತ್ತು ಪೆನ್ನಿನ ಕಾಲದ ಅಭ್ಯಾಸ ಬಿಡಿ. ಎಲ್ಲವನ್ನೂ ಒಮ್ಮೆ ಕೊರೆಯಿರಿ, ಎಲ್ಲಕ್ಕೂ ಒಮ್ಮೆ ಕೊಳವೆ ಅಂಟಿಸಿ, ಆಮೇಲೆ ಕಡೆಯಲು ಕೂರಿ. ಕೊರೆಯುವಾಗ ಕಡ್ಡಿ ಒಂದಿಷ್ಟು ಉದ್ದವೇ ಇರಲಿ, ಡ್ರಿಲ್ಲಿನ ಬಿಟ್ ಆಚೆ ಬದಿ ಹೊರಬೀಳುವ ಜಾಗ ಚಿಂದಿಯಾಗುತ್ತದೆ, ಕೊರೆದ ಮೇಲೆ ಅಳತೆಗೆ ಕತ್ತರಿಸಿ. ಕಾಫಿ ಮರ ಗಟ್ಟಿ. ಏಳು ಮಿಲಿಮೀಟರ್ ಬಿಟ್ ಬಿಸಿಯಾಗಿ ಹುಡಿ ಸಿಕ್ಕಿಕೊಂಡರೆ ಒಳಗಿಂದಲೇ ಬಿರುಕು ಬರುತ್ತದೆ, ಅರ್ಧ ಇಂಚಿಗೊಮ್ಮೆ ಹಿಂದಕ್ಕೆ ಎಳೆದು ಹುಡಿ ಕೊಡವಿ. ಎರಡು ತುಂಡಿನ ಪೆನ್ನಾದರೆ ಕತ್ತರಿಸುವ ಮೊದಲು ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆಯಿರಿ, ಇಲ್ಲವಾದರೆ 300 ತುಂಡಿನ ರಾಶಿಯಲ್ಲಿ ಜೋಡಿ ಹುಡುಕುತ್ತಾ ಕೂರಬೇಕು. ಕೊಳವೆಯನ್ನು ಉಜ್ಜುಕಾಗದದಲ್ಲಿ ಸ್ವಲ್ಪ ಗೀರಿ, ತುದಿಯನ್ನು ಆಲೂಗಡ್ಡೆ ಹೋಳಿಗೆ ಒಂದು ಸಲ ಚುಚ್ಚಿ ತೆಗೆಯಿರಿ. ಆ ಆಲೂ ಬಿರಡೆ ಅಂಟು ಒಳಗೆ ಹೋಗದಂತೆ ತಡೆಯುತ್ತದೆ, ಮಾರನೇ ದಿನ ಒಂದು ಕಡ್ಡಿಯಿಂದ ತಳ್ಳಿದರೆ ಬಂತು. ಅಂಟಿಗೆ ಅರಾಲ್ಡೈಟ್ ಇರಲಿ, ರಾತ್ರಿ ಪೂರ್ತಿ ಬಿಡಿ.

ಫಿನಿಶಿಂಗ್ ಮಾತ್ರ ಮಳೆ ದಿನ ಬೇಡವೇ ಬೇಡ. ಫೆವಿಕ್ವಿಕ್ ಜಾತಿಯ ಅಂಟಿನ ಮೆರುಗಾಗಲಿ, ಸ್ಪಿರಿಟ್ ಪಾಲಿಶ್ ಆಗಲಿ, ತೇವದ ಗಾಳಿಯಲ್ಲಿ ಬಿಳಿ ಮಬ್ಬು ಹಿಡಿಯುತ್ತದೆ. ಕಡೆದದ್ದೆಲ್ಲ ಪುನಃ ಉಜ್ಜಿ ತೆಗೆಯಬೇಕು. ಕಾಯಲು ಆಗುವುದೇ ಇಲ್ಲ ಅಂದರೆ ಚನ್ನಪಟ್ಟಣದವರ ದಾರಿ ನೋಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಸ್ಪಿರಿಟ್ಟೇ ಇಲ್ಲ, ಮಬ್ಬಿನ ಗೋಳೂ ಇಲ್ಲ. ಬಣ್ಣ ಹಾಕದ ಅರಗು ಕಾಫಿ ಮರದ ತಿಳಿ ಹಳದಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಪೆಟ್ಟಿಗೆಗೆ ಕಾಫಿ ಮರದಲ್ಲಿ ಅಗಲ ಸಿಗುವುದಿಲ್ಲ. ಅದೇ ಎಸ್ಟೇಟಿನ ಸಿಲ್ವರ್ ಓಕೋ ಹಲಸೋ ಕೇಳಿ, ಮುಚ್ಚಳದ ಮೇಲೆ ಕಾಫಿ ಕಾಂಡದ ಒಂದು ತೆಳು ಬಿಲ್ಲೆ ಕೂರಿಸಿ, ಅವರ ಆಸೆಯೂ ತೀರಿತು. ತಿರುಗಣಿ (ಹಿಂಜ್) ಹಾಕಿದ ಮುಚ್ಚಳ ಬೇಕು ಅಂತ ಅವರು ಹೇಳಿದರೆ ಈ ಲೆಕ್ಕ ತೋರಿಸಿ: 150 ಪೆಟ್ಟಿಗೆಗೆ 300 ತಿರುಗಣಿ, 1,200 ಸ್ಕ್ರೂ, ಅದೂ ಇರುವೆ ಗಾತ್ರದವು. ಜಾರುವ ಮುಚ್ಚಳ ಮಾಡಿ. ಒಣ ಮರದಲ್ಲಿ ಮಾಡುವಾಗ ಎರಡೂ ಬದಿಗೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಜಾಗ ಬಿಡಿ, ಇಲ್ಲದಿದ್ದರೆ ಯಾರಾದರೂ ಅತಿಥಿ ಅದನ್ನು ಮಡಿಕೇರಿಗೆ ತಂದಿಟ್ಟ ಮೊದಲ ಜೂನ್‌ನಲ್ಲೇ ಮುಚ್ಚಳ ಕಚ್ಚಿಕೊಳ್ಳುತ್ತದೆ. ತಳದ ಹಲಗೆಯನ್ನು ಬದಿ ಹಲಗೆಗಳಲ್ಲಿ ಕೊರೆದ ಕಾಲುವೆಯೊಳಗೆ ಸುಮ್ನೆ ಕೂರಿಸಿ, ಅಂಟು ಹಾಕಬೇಡಿ.

ಹೆಸರು ಕೆತ್ತಿಸುವ ಪಟ್ಟಿಯನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಲೇಬೇಡಿ. ನಮ್ಮ ಮನೆತನದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಂದೊಂದು ಮನೆಯವರು ಒಂದೊಂದು ಥರ ಬರೆಯುತ್ತಾರೆ. ಒಂದು ಅಕ್ಷರ ಜಾಸ್ತಿಯಾದರೆ ಅದು ಪಕ್ಕದ ಮನೆಯವರದ್ದು! ಟೈಪ್ ಮಾಡಿದ ಪಟ್ಟಿ, ಕೆಳಗೆ ಎಸ್ಟೇಟಿನವರ ಸಹಿ ಇರಲಿ.

ಮುಂಗಡ ಅರ್ಧ ಕೇಳಿ, ಸಂಕೋಚ ಬೇಡ. ಆ ದುಡ್ಡಲ್ಲಿ ಮೊದಲ ದಿನವೇ 165 ಪೆನ್ ಕಿಟ್ (ಪೆನ್ನಿನ ಕೊಳವೆ, ಲೋಹದ ಬಿಡಿಭಾಗಗಳ ಕಟ್ಟು) ಒಂದೇ ಅಂಗಡಿಯಿಂದ ಒಂದೇ ಕಂತಿನಲ್ಲಿ ತರಿಸಿ. ಆಮೇಲೆ ತರಿಸಿದ್ದರ ಲೇಪನದ ಬಣ್ಣ ಬೇರೆಯಾಗಿಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಎರಡು ನಮೂನೆ ಮಾಡಿ, ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ. ಮುಂದೆ ತಕರಾರು ಬಂದರೆ ಅದನ್ನಿಟ್ಟೇ ಮಾತಾಡಬಹುದು. ಹಾಗೇ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆನ್‌ಲೈನಿನಲ್ಲಿ, ಖರ್ಚಿಲ್ಲ. 2006ರ ಎಂಎಸ್‌ಎಂಇ (ಸಣ್ಣ-ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದವಿದ್ದರೂ ಬಾಕಿಯನ್ನು 45 ದಿನ ಮೀರಿ ಎಳೆಯುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳಬಹುದು. ಕೇಳುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ, ಬಿಲ್ಲಿನ ಮೇಲೆ ನೋಂದಣಿ ನಂಬರ್ ಮಾತ್ರ ಕಾಣುವಂತೆ ಇರಲಿ.

ಪ್ರಶ್ನೆ: ನಮ್ಮ ಹಳೇ ಮನೆ ಬಿಚ್ಚಿದಾಗ ಅಜ್ಜನ ಕಾಲದ ಎರಡು ಬೀಟೆ ತೊಲೆ ಸಿಕ್ಕಿವೆ. ಪೆನ್ನು ಮಾಡಿ ಮಾರಬಹುದಾ? (ವಿರಾಜಪೇಟೆಯ ಓದುಗರು)

ಉತ್ತರ: ಮರ ನಿಮ್ಮದೇ ಇರಬಹುದು, ಆದರೆ ಬೀಟೆ ಅಂದ ಕೂಡಲೇ ಕಾಗದ ಕೇಳುತ್ತಾರೆ. ತೊಲೆ ಕೊಯ್ಯುವ ಮೊದಲೇ ಫೋಟೋ ತೆಗೆದಿಟ್ಟು, ಮನೆಯ ದಾಖಲೆ ಹಿಡಿದು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ವಿಚಾರಿಸಿ. ಕೊಯ್ದು ಚೂರು ಮಾಡಿದ ಮೇಲೆ ಅದು ಅಜ್ಜನ ತೊಲೆ ಅಂತ ತೋರಿಸುವುದು ಹೇಗೆ? ಹೊರದೇಶದ ಗಿರಾಕಿಗೆ ಕಳಿಸುವ ಯೋಚನೆ ಇದ್ದರೆ ಇನ್ನೂ ಹುಷಾರು. ಬೀಟೆಯ ಹೆಚ್ಚುಕಮ್ಮಿ ಇಡೀ ಕುಲವೇ 2017ರಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ನನ್ನನ್ನು ಕೇಳಿದರೆ, ಎರಡು ತೊಲೆಯಲ್ಲಿ ಮನೆಯವರಿಗೆಲ್ಲ ಒಂದೊಂದು ಪೆಟ್ಟಿಗೆ ಮಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಸಿಲ್ವರ್ ಓಕ್ ಉಜ್ಜಿದ ದಿನ ಕೈ, ಕುತ್ತಿಗೆ ಎಲ್ಲ ತುರಿಕೆ. ಬೇರೆ ಮರಕ್ಕೆ ಹೀಗಾಗುವುದಿಲ್ಲ. ನನಗೆ ಮಾತ್ರವಾ? (ಸುಂಟಿಕೊಪ್ಪದ ಓದುಗರು)

ಉತ್ತರ: ನಿಮಗೆ ಮಾತ್ರ ಅಲ್ಲ ಅಕ್ಕ. ಆ ಮರದಲ್ಲಿ ಚರ್ಮಕ್ಕೆ ಆಗದ ಅಂಶ ಇದೆ, ಕೆಲವರಿಗೆ ಬೇಗ ಹತ್ತುತ್ತದೆ. ತುಂಬು ತೋಳಿನ ಅಂಗಿ, ಕುತ್ತಿಗೆಗೆ ಬಟ್ಟೆ, ಮಾಸ್ಕ್ ಹಾಕಿ. ಬೆವರಿದ ಮೈ ಮೇಲೆ ಹುಡಿ ಕೂತರೆ ಜಾಸ್ತಿ, ಹಾಗಾಗಿ ಉಜ್ಜುವ ಕೆಲಸ ಬೆಳಗ್ಗೆ ತಂಪಿನಲ್ಲೇ ಮುಗಿಸಿ ಕೂಡಲೇ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆ ಬಟ್ಟೆ ಜೊತೆ ನೆನೆಸಬೇಡಿ. ಅಷ್ಟಾದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಒಂದು ಚಿಟಿಕೆ ಹುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ, ಯಾವ ಮರ ಅಂತ ಅದರ ಮೇಲೆ ಬರೆದು.