ಉ: ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗೋ ಕಾಯಿಲೆ) ರಿಪೋರ್ಟಲ್ಲಿ ಎನ್‌ಎಎ ಕಡಿಮೆ ಅಂದ್ರೆ ನರ ಸತ್ತೋಯ್ತು ಅಂತಾನಾ?

ನಿಮ್ಮ ತಂಗಿಯ ಸ್ಪೆಕ್ಟ್ರೋಸ್ಕೋಪಿ ರಿಪೋರ್ಟಲ್ಲಿ "ಎನ್‌ಎಎ ಕಡಿಮೆ, ಕೋಲಿನ್ ಜಾಸ್ತಿ" ಅಂತಿದೆ (ಎನ್‌ಎಎ ಅಂದ್ರೆ ಎನ್-ಅಸಿಟೈಲ್‌ಆಸ್ಪಾರ್ಟೇಟ್, ನರಕೋಶದಲ್ಲಿರೋ ಕೆಮಿಕಲ್; ಕೋಲಿನ್ ಕೋಶದ ಪೊರೆಗೆ ಸಂಬಂಧಿಸಿದ್ದು), ಅಲ್ಲಿನ ನರ ಸತ್ತೇಹೋಯ್ತಾ ಅಂತ ಕೇಳಿದೀರಲ್ಲ, ಅಷ್ಟರಿಂದಲೇ ಹಾಗೆ ಹೇಳಕ್ಕಾಗಲ್ಲ, ಗಾಬರಿ ಆಗ್ಬೇಡಿ. ಮಾಮೂಲಿ ಎಂಆರ್‌ಐ ಮುಖ್ಯವಾಗಿ ನೀರಿನ ಸಿಗ್ನಲ್ ಹಿಡಿದು ಚಿತ್ರ ಮಾಡುತ್ತೆ, ಸ್ಪೆಕ್ಟ್ರೋಸ್ಕೋಪೀಲಿ ಅದೇ ಮಷೀನು ನೀರಿನ ಸಿಗ್ನಲ್ ಅದುಮಿಟ್ಟು ಉಳಿದ ಕೆಮಿಕಲ್‌ಗಳ ಗ್ರಾಫ್ ಕೊಡುತ್ತೆ. ಫಿಲ್ಮ್ ಇದ್ರೆ ನೋಡಿ, ಕೆಳಗಿನ ಅಂಕಿ ಬಲದಿಂದ ಎಡಕ್ಕೆ ಏರುತ್ತೆ, 2.0 ಹತ್ರ ಇರೋ ಮೊನೆ ಎನ್‌ಎಎ (ಆರೋಗ್ಯವಾಗಿರೋ ಮೆದುಳಲ್ಲಿ ಇದೇ ಎಲ್ಲಕ್ಕಿಂತ ಎತ್ತರ), 3.0 ಕ್ರಿಯಾಟಿನ್, 3.2 ಕೋಲಿನ್.

ಎನ್‌ಎಎ ತಯಾರಾಗೋದು ನರಕೋಶದ ಮೈಟೊಕಾಂಡ್ರಿಯಾದಲ್ಲಿ (ಕೋಶಕ್ಕೆ ಶಕ್ತಿ ಕೊಡೋ ಭಾಗ), ಹಾಗಾಗಿ ಕೋಶ ಸಾಯ್ಬೇಕಂತಿಲ್ಲ, ಸುಸ್ತಾದ್ರೂ ಇಳಿಯುತ್ತೆ, ಹೊಸ ಲೀಶನ್ (ಕಾಯಿಲೆಯಿಂದ ಹಾನಿಯಾದ ಜಾಗ) ಆದ್ರೆ ಊತ ಇಳಿದ ಮೇಲೆ ಕೆಲವು ತಿಂಗಳಲ್ಲಿ ಸ್ವಲ್ಪ ವಾಪಸ್ ಏರೋದೂ ಉಂಟು. ಹಳೇ ಲೀಶನ್ನಲ್ಲಿ ಕಡಿಮೆಯೇ ಉಳಿದ್ರೆ ಆಗ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ನಷ್ಟ ಅಂತ ಯೋಚಿಸ್ತಾರೆ. ಕೋಲಿನ್ ಏರೋದು ನರದ ಹೊದಿಕೆಯಾದ ಮಯಲಿನ್ ಪೊರೆ ಒಡೆಯೋ ಕಟ್ಟೋ ಗಲಾಟೇಲಿ. ಟ್ಯೂಮರಲ್ಲೂ ಇದೇ ಥರ ಬರುತ್ತೆ, ಅದಕ್ಕೇ ಗ್ರಾಫ್ ಒಂದನ್ನೇ ಗೂಗಲ್ ಮಾಡಿ ರಾತ್ರಿಯೆಲ್ಲ ಕೂರ್ಬೇಡಿ.

ಇನ್ನೊಂದು, ಎಂಎಸ್‌ನಲ್ಲಿ ಎಂಆರ್‌ಐಗೆ ಸರಿಯಾಗೇ ಕಾಣೋ ಮೆದುಳಿನ ಬಿಳಿಭಾಗದಲ್ಲೂ (ವೈಟ್ ಮ್ಯಾಟರ್) ಎನ್‌ಎಎ ಇಳಿದಿರುತ್ತೆ, ರಿಸರ್ಚ್‌ನವರಿಗೆ ಇದರ ಮೇಲೆ ಕಣ್ಣು ಅದಕ್ಕೇ. ಆದ್ರೆ ಎಂಎಸ್ ಡಯಾಗ್ನೋಸಿಸ್‌ಗೆ ಈ ಟೆಸ್ಟ್ ಕಡ್ಡಾಯ ಅಲ್ಲ. ನ್ಯೂರಾಲಜಿಸ್ಟ್ ಹತ್ರ ಎರಡೇ ಕೇಳಿ: ಅಳತೆ ತಗೊಂಡಿದ್ದು ಹೊಸ ಲೀಶನ್ನಲ್ಲಾ ಹಳೇದ್ರಲ್ಲಾ, ಮತ್ತೆ ಕೊಟ್ಟಿರೋದು ಕ್ರಿಯಾಟಿನ್ ಜೊತೆಗಿನ ಅನುಪಾತಾನಾ, ಯಾಕಂದ್ರೆ ಕ್ರಿಯಾಟಿನ್ನೇ ಹೆಚ್ಚುಕಮ್ಮಿ ಆದ್ರೂ ಅನುಪಾತ ಬದಲಾಗುತ್ತೆ.