ನಾವೆಲ್ಲ ಬಳಸೋದು ನಿಲ್ಲಿಸಿದರೆ ದೊಡ್ಡ ಟೆಕ್ ಕಂಪನಿಗಳು ದಾರಿಗೆ ಬರಲ್ವಾ?

ನಿಮ್ಮ ಪ್ರಶ್ನೆ ಇದು: ಗೂಗಲ್, ಮೆಟಾ, ಆಪಲ್, ಅಮೆಜಾನ್ ಇಷ್ಟು ದೊಡ್ಡದಾಗಿ ಬೆಳೆದದ್ದು ನಾವು ಬಳಸಿದ್ದರಿಂದಲೇ, ಹಾಗಾದರೆ ನಾವೇ ಬಿಟ್ಟುಬಿಟ್ಟರೆ ಅವು ಬಗ್ಗಲ್ವಾ?

ಎಲ್ಲರೂ ಒಂದೇ ದಿನ ಬಿಟ್ಟರೆ ಖಂಡಿತ ಬಗ್ಗುತ್ತವೆ. ಆದರೆ ಹಾಗೆ ಆಗಲ್ಲ. ಬಿಡಬೇಕಾದವರು ಒಬ್ಬೊಬ್ಬರೇ ಬಿಡಬೇಕು, ಮೊದಲು ಬಿಟ್ಟವರಿಗೇ ನಷ್ಟ ಜಾಸ್ತಿ. ಒಂದು ಸೋಪು ಹಿಡಿಸದಿದ್ದರೆ ಮುಂದಿನ ಸಲ ಬೇರೆ ತರುತ್ತೇವೆ, ಪಕ್ಕದ ಮನೆಯವರು ಯಾವುದು ಬಳಸುತ್ತಾರೆ ಅನ್ನೋದು ನಮಗೆ ಬೇಕಾಗಿಲ್ಲ. ಮೆಸೇಜ್ ಆ್ಯಪ್‌ನಲ್ಲಿ ಪಕ್ಕದವರು ಎಲ್ಲಿದ್ದಾರೆ ಅನ್ನೋದೇ ಎಲ್ಲ.

2021ರ ಜನವರಿ ನೆನಪಿದೆಯಾ? ಹೊಸ ಪ್ರೈವಸಿ ನಿಯಮಗಳನ್ನು ಫೆಬ್ರವರಿ 8ರೊಳಗೆ ಒಪ್ಪಿಕೊಳ್ಳಿ ಅಂತ ವಾಟ್ಸ್‌ಆ್ಯಪ್ ಹೇಳಿತು. ಜನ ಸಿಟ್ಟಿಗೆದ್ದರು. ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ಗೆ ಎಷ್ಟು ಜನ ನುಗ್ಗಿದರು ಅಂದರೆ ಅದರ ಸರ್ವರ್‌ಗಳೇ ಕೂತುಬಿಟ್ಟವು. ವಾಟ್ಸ್‌ಆ್ಯಪ್ ಗಡುವನ್ನು ಮೇ 15ಕ್ಕೆ ತಳ್ಳಿತು. ಇದು ನಮ್ಮ ಶಕ್ತಿಯೇ, ಇಲ್ಲ ಅನ್ನಲ್ಲ. ಆದರೆ ನಿಯಮ ಹೋಗಲಿಲ್ಲ, ಬಳಕೆದಾರರೂ ಹೋಗಲಿಲ್ಲ. 2025ರ ಹೊತ್ತಿಗೆ ತಿಂಗಳಿಗೆ 300 ಕೋಟಿಗೂ ಹೆಚ್ಚು ಜನ ಅದನ್ನು ಬಳಸುತ್ತಿದ್ದಾರೆ ಅಂತ ವಾಟ್ಸ್‌ಆ್ಯಪ್‌ನ ಮಾಲೀಕ ಕಂಪನಿ ಮೆಟಾ ಹೇಳಿತು.

ಯಾಕೆ ಹೀಗಾಗುತ್ತೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಮನೆಯವರ ಗುಂಪನ್ನು ಬೇರೊಂದು ಆ್ಯಪ್‌ಗೆ ಸಾಗಿಸೋಣ ಅಂತ ಹೊರಟೆ. ಎಲ್ಲರೂ ಹೂಂ ಅಂದರು, ಇನ್‌ಸ್ಟಾಲ್ ಕೂಡ ಮಾಡಿಕೊಂಡರು. ಆದರೆ ಚಿಕ್ಕಪ್ಪನ ಆಫೀಸಿನವರು ಹಳೇ ಕಡೆ, ಅಕ್ಕನ ಮಗಳ ಶಾಲೆಯ ಗುಂಪು ಹಳೇ ಕಡೆ, ಅಮ್ಮನ ಸ್ನೇಹಿತೆಯರೂ ಅಲ್ಲೇ. ಹಾಗಾಗಿ ಹಳೆಯ ಆ್ಯಪನ್ನು ಯಾರಿಗೂ ತೆಗೆಯೋಕಾಗಲಿಲ್ಲ, ದಿನಾ ಎರಡೆರಡು ಕಡೆ ನೋಡುವ ತಾಳ್ಮೆ ಯಾರಿಗಿರುತ್ತೆ? ನಿಧಾನಕ್ಕೆ ಹೊಸ ಗುಂಪಿನಲ್ಲಿ ಮಾತೇ ನಿಂತಿತು. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಜನರಿಗೆ ಕಾಳಜಿ ಇಲ್ಲ ಅಂತ ಬೈಯೋರನ್ನು ಕಂಡರೆ ನನಗೆ ಬೇಜಾರಾಗೋದು ಇದಕ್ಕೇ.

ಇನ್ನೊಂದು ಮಾತು ಜಾಸ್ತಿ ಕೇಳಿಬರುತ್ತೆ: ಚೆನ್ನಾಗಿದೆ ಅಂತ ತಾನೇ ಜನ ಬಳಸೋದು, ಬೇಡ ಅಂದರೆ ಒಂದು ಕ್ಲಿಕ್‌ನಲ್ಲಿ ಬೇರೆ ಕಡೆ ಹೋಗಬಹುದಲ್ಲ. ಗೂಗಲ್ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದಿದೆ. ಆದರೆ ಆಪಲ್‌ನ ಸಫಾರಿ ಬ್ರೌಸರ್‌ನಲ್ಲಿ ತಾನೇ ಡೀಫಾಲ್ಟ್ ಸರ್ಚ್, ಅಂದರೆ ನಾವೇನೂ ಬದಲಾಯಿಸದಿದ್ದರೆ ತಾನಾಗಿ ಬರುವ ಸರ್ಚ್, ಆಗಿರೋಕೆ ಅದು 2022ರಲ್ಲಿ ಆಪಲ್‌ಗೆ ಕೊಟ್ಟದ್ದು ಸುಮಾರು 2,000 ಕೋಟಿ ಡಾಲರ್. ಜನ ಹೇಗಿದ್ದರೂ ನಮ್ಮನ್ನೇ ಆರಿಸುತ್ತಾರೆ ಅನ್ನುವ ಧೈರ್ಯ ಇದ್ದರೆ ಅಷ್ಟು ದುಡ್ಡು ಯಾರಾದರೂ ಸುಮ್ನೆ ಕೊಡುತ್ತಾರಾ? ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಾಯಿಸುವವರು ಕಡಿಮೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಈ ಅಂಕಿ ಹೊರಬಿದ್ದ ಕೇಸಿನಲ್ಲೇ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಸರ್ಚ್‌ನಲ್ಲಿ ಗೂಗಲ್ ಕಾನೂನು ಮುರಿದು ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಮುಂದಿನ ವರ್ಷದ ಆದೇಶದಲ್ಲಿ, ಬೇರೆಯವರಿಗೆ ಜಾಗವೇ ಇರದಂಥ ಒಪ್ಪಂದ ಮಾಡಿಕೊಳ್ಳಬೇಡಿ ಅಂದರು, ಡೀಫಾಲ್ಟ್‌ಗಾಗಿ ದುಡ್ಡು ಕೊಡೋದನ್ನು ಮಾತ್ರ ಪೂರ್ತಿ ನಿಲ್ಲಿಸಲಿಲ್ಲ. ನನಗೆ ಅದು ಅರ್ಧ ಕೆಲಸ ಅನಿಸಿತು.

ಹಾಗಾದರೆ ನಮ್ಮ ಕೈಲಿ ಏನೂ ಇಲ್ವಾ? ಇದೆ. 2021ರ ಏಪ್ರಿಲ್‌ನಲ್ಲಿ ಐಫೋನ್‌ನಲ್ಲಿ ಒಂದು ಚಿಕ್ಕ ಪ್ರಶ್ನೆ ಬರೋಕೆ ಶುರುವಾಯಿತು, ಈ ಆ್ಯಪ್ ಬೇರೆ ಕಡೆಯೂ ನಿಮ್ಮನ್ನು ಟ್ರ್ಯಾಕ್ ಮಾಡಬಹುದಾ ಅಂತ. ಬೇಡ ಅನ್ನೋಕೆ ಒಂದು ಬಟನ್. ತುಂಬ ಜನ ಅದನ್ನೇ ಒತ್ತಿದರು. 2022ರಲ್ಲಿ ತನಗೆ ಇದರಿಂದ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪುತ್ತೆ ಅಂತ ಮೆಟಾ ತಾನೇ ಅಂದಾಜು ಮಾಡಿತು. ಅದೇ ಜನ, ಅದೇ ಫೋನು. ಬದಲಾಗಿದ್ದು ಬಟನ್ ಎದುರಿಗೆ ಬಂದದ್ದು ಒಂದೇ. ಆದರೆ ಆ ಬಟನ್ ಇಟ್ಟದ್ದು ಇನ್ನೊಂದು ದೈತ್ಯ ಕಂಪನಿ, ನಾಳೆ ಬೇಡ ಅನಿಸಿದರೆ ಅದೇ ತೆಗೆಯಲೂಬಹುದು. ಅದಕ್ಕೇ ಇಂಥದ್ದು ಕಾನೂನಿನಲ್ಲಿ ಇರಬೇಕು ಅನ್ನೋದು.

ಮೊಬೈಲ್ ನಂಬರ್ ಪೋರ್ಟಬಿಲಿಟಿ ನೋಡಿ. ಅದು ಬರುವ ಮುಂಚೆ ಕಂಪನಿ ಬದಲಾಯಿಸಿದರೆ ನಂಬರೇ ಹೋಗುತ್ತಿತ್ತು, ಆದ್ದರಿಂದ ಬೈಕೊಂಡು ಅಲ್ಲೇ ಇರುತ್ತಿದ್ದರು. ನಂಬರ್ ಜೊತೆಗೇ ಹೋಗಬಹುದು ಅಂತಾದ ಮೇಲೆ ಗ್ರಾಹಕರ ಬೆದರಿಕೆಗೆ ಬೆಲೆ ಬಂತು. ಇಮೇಲ್ ಕೂಡ ಹಾಗೇ, ಯಾವ ಕಂಪನಿಯ ವಿಳಾಸದಿಂದ ಯಾವುದಕ್ಕೆ ಬೇಕಾದರೂ ಕಳಿಸಬಹುದು. ಮೆಸೇಜ್ ಆ್ಯಪ್‌ಗಳು ಯಾಕೆ ಹಾಗಿರಬಾರದು? ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಇದನ್ನೇ ಕೇಳುತ್ತಿದೆ. ಬೇರೆ ಆ್ಯಪ್‌ನವರು ಕೇಳಿಕೊಂಡರೆ ವಾಟ್ಸ್‌ಆ್ಯಪ್ ಅವರ ಮೆಸೇಜುಗಳಿಗೆ ದಾರಿ ಬಿಡಲೇಬೇಕು. ಈ ಕಾನೂನಿನ ಕಟ್ಟುಪಾಡುಗಳು ದೊಡ್ಡ ಕಂಪನಿಗಳಿಗೆ 2024ರ ಮಾರ್ಚ್‌ನಿಂದ ಅನ್ವಯವಾಗುತ್ತಿವೆ. ಇದು ಎಲ್ಲ ಕಡೆ ಬಂದರೆ ನಮ್ಮ ಮನೆಯ ಗುಂಪಿನಂಥದ್ದಕ್ಕೆ ಯಾರೂ ಯಾರನ್ನೂ ಒಪ್ಪಿಸಬೇಕಾಗಿಲ್ಲ.

ಸದ್ಯಕ್ಕೆ ನೀವು ಮಾಡಬಹುದಾದ್ದು: ಫೋಟೋ, ಮೇಲ್, ಕಾಂಟ್ಯಾಕ್ಟ್ಸ್ ಎಲ್ಲ ಆಗಾಗ ಡೌನ್‌ಲೋಡ್ ಮಾಡಿ ನಿಮ್ಮ ಬಳಿಯೂ ಒಂದು ಪ್ರತಿ ಇಟ್ಟುಕೊಳ್ಳಿ. ಸಿಕ್ಕ ಸಿಕ್ಕ ಸೈಟಿಗೆಲ್ಲ ಒಂದೇ ಕಂಪನಿಯ ಅಕೌಂಟಿನಿಂದ ಲಾಗಿನ್ ಆಗಬೇಡಿ, ನಾಳೆ ಅದು ಲಾಕ್ ಆದರೆ ಎಲ್ಲವೂ ಲಾಕ್. ಡೀಫಾಲ್ಟ್ ಬದಲಾಯಿಸಿ ನೋಡಿ. ಚಂದಾ ರದ್ದು ಮಾಡೋಕೆ ಸತಾಯಿಸಿದರೆ ಗ್ರಾಹಕ ಸಂಸ್ಥೆಗೆ ದೂರು ಕೊಡಿ, ಒಂದೇ ದೂರಿಂದ ಏನಾಗುತ್ತೆ ಅಂದುಕೊಳ್ಳಬೇಡಿ: ಅಮೆಜಾನ್‌ನ ಚಂದಾ ಸೇವೆ ಪ್ರೈಮ್‌ಗೆ ಜನರನ್ನು ಸೇರಿಸಿಕೊಂಡ ರೀತಿ, ಬಿಡೋಕೆ ಕಷ್ಟಪಡಿಸಿದ ರೀತಿ, ಈ ಎರಡರ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಕಿದ ಕೇಸಿನಲ್ಲಿ ಅಮೆಜಾನ್ 2025ರಲ್ಲಿ 250 ಕೋಟಿ ಡಾಲರ್‌ಗೆ ರಾಜಿಯಾಯಿತು, ಅದರಲ್ಲಿ 150 ಕೋಟಿ ಗ್ರಾಹಕರಿಗೇ ವಾಪಸ್. ಸರ್ಕಾರ ಕರಡು ನಿಯಮ ಹೊರಡಿಸಿ ಅಭಿಪ್ರಾಯ ಕೇಳಿದಾಗಲೂ ಬರೆಯಿರಿ. ಕಂಪನಿಗಳ ವಕೀಲರು ಪುಟಗಟ್ಟಲೆ ಬರೆದಿರುತ್ತಾರೆ. ನೀವು ನಾಲ್ಕೇ ಸಾಲು ಬರೆದರೂ ಸಾಕು, ಯಾವ ಆ್ಯಪ್ ಬಿಡೋಕೆ ಹೋಗಿದ್ದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ.